‘ಟು ಎಂಬಿ’ ಲೈನಿನ ಲೆಕ್ಕ: ನನ್ನ ಅನುಭವ

ದೂರಸಂಪರ್ಕದ ಪ್ರಸರಣ ವಿಭಾಗದಲ್ಲಿ ಕೆಲಸ ಮಾಡುವ ನಮ್ಮ ಬಾಯಲ್ಲಿ, ಸೆಕೆಂಡಿಗೆ ಸುಮಾರು ಎರಡು ಮೆಗಾಬಿಟ್ ಸಾಗಿಸುವ ಇ-1 ಲೈನಿಗೆ ‘ಟು ಎಂಬಿ’ ಎಂದೇ ಹೆಸರು. ಕಂಪ್ಯೂಟರ್ ವಿಭಾಗದವರಿಗಾದರೋ ಎಂಬಿ ಎಂದರೆ ಫೈಲಿನ ಗಾತ್ರ. ನಾವು ಹೇಳುವುದು ಮೆಗಾಬಿಟ್, ಅವರು ಹೇಳುವುದು ಮೆಗಾಬೈಟ್. ಇಂಗ್ಲಿಷಿನಲ್ಲಿ ಬರೆದಾಗ ದೊಡ್ಡಕ್ಷರ, ಸಣ್ಣಕ್ಷರಗಳಿಂದ ತಿಳಿಯುವ ಈ ಎಂಟು ಪಟ್ಟು ವ್ಯತ್ಯಾಸ ಮಾತಿನಲ್ಲಿ ಅಳಿಸಿಹೋಗುತ್ತದೆ.

ಒಂದು ಸಂಸ್ಥೆಯ ಹುಬ್ಬಳ್ಳಿ ಕಚೇರಿಯಿಂದ ಬೆಂಗಳೂರಿಗೆ ಪ್ರತಿ ರಾತ್ರಿ 7 ಜಿಬಿ ಬ್ಯಾಕಪ್ ಕಳುಹಿಸಬೇಕಿತ್ತು. ರಾತ್ರಿ ಹತ್ತಕ್ಕೆ ಆರಂಭವಾಗಿ ಹನ್ನೆರಡರೊಳಗೆ ಮುಗಿಯಬೇಕೆಂಬುದು ಅವರ ಷರತ್ತು. ಬೇಡಿಕೆಯ ಪತ್ರದಲ್ಲಿ ‘ವೇಗ 1 ಎಂಬಿ’ ಎಂದಿತ್ತು. ಟು ಎಂಬಿ ಲೈನ್ ಕೊಟ್ಟರೆ ಅಗತ್ಯದ ಎರಡರಷ್ಟಾಯಿತು ಎಂದು ತಿಳಿದು ನಾನು ಒಂದು ಇ-1ಕ್ಕೆ ಸಹಿ ಹಾಕಿದೆ. ಮೊದಲ ರಾತ್ರಿ ಹತ್ತಕ್ಕೆ ಆರಂಭವಾದ ಬ್ಯಾಕಪ್ ಮುಗಿದದ್ದು ಮರುದಿನ ಬೆಳಿಗ್ಗೆ ಆರೂಮುಕ್ಕಾಲರ ಹೊತ್ತಿಗೆ. ಅವರ ಕಂಪ್ಯೂಟರಿನ ಕಿಟಕಿಯಲ್ಲಿ ವೇಗ ಸೆಕೆಂಡಿಗೆ 234 ಕೆಬಿ ಎಂದು ಕಾಣುತ್ತಿತ್ತು. ಲೈನಿನಲ್ಲಿ ಒಂದೇ ಒಂದು ದೋಷವೂ ಇರಲಿಲ್ಲ. ಆ 234 ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದಾಗಲೇ ಈ ಪರಿವರ್ತನೆಯ ಲೆಕ್ಕವನ್ನು ನಾನು ನಿಜವಾಗಿ ಕಲಿತದ್ದು.

ಮೂಲ ಇರುವುದು ಟೆಲಿಫೋನಿನ ಧ್ವನಿಯಲ್ಲಿ. ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 64,000 ಬಿಟ್‌ಗಳಾಗುತ್ತವೆ. ಸರದಿಯಂತೆ ಬರುವ ಇಂತಹ 32 ಟೈಮ್ ಸ್ಲಾಟ್‌ಗಳು ಸೇರಿ ಇ-1ರ 2,048 ಕಿಲೋಬಿಟ್ ಆಗುತ್ತದೆ. ಇಲ್ಲಿ ಕಿಲೋ ಎಂದರೆ 1,000 ಮಾತ್ರ, 1,024 ಅಲ್ಲ. 2,048 ಎಂಬ ಸಂಖ್ಯೆಯ ರೂಪ ನೋಡಿ ಅನೇಕರು ಇಲ್ಲಿ ಎಡವುತ್ತಾರೆ. ಸೊನ್ನೆಯನೆಯ ಸ್ಲಾಟ್ ಚೌಕಟ್ಟಿನ (32 ಸ್ಲಾಟ್‌ಗಳ ಒಂದು ಸುತ್ತಿನ) ಹೊಂದಾಣಿಕೆಗೆ ಮೀಸಲು. ಧ್ವನಿಗೆ ಬಳಸುವಾಗ ಹದಿನಾರನೆಯದು ಕರೆ ಜೋಡಿಸುವ ಸಂಕೇತಗಳಿಗೆ ಹೋಗಿ 30 ಚಾನೆಲ್‌ಗಳು ಉಳಿಯುತ್ತವೆ. ದತ್ತಾಂಶಕ್ಕಾದರೆ 31 ಸ್ಲಾಟ್‌ಗಳು, ಅಂದರೆ 1,984 ಕಿಲೋಬಿಟ್ ಸಿಗುತ್ತದೆ.

ಅದನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 2,48,000 ಬೈಟ್. 1,500 ಬೈಟ್‌ನ ಪ್ರತಿ ಪ್ಯಾಕೆಟ್‌ನಲ್ಲಿ 40 ಬೈಟ್, ವಿಳಾಸ ಮತ್ತು ಕ್ರಮಸಂಖ್ಯೆ ಹೊತ್ತ ಟಿಸಿಪಿ ಮತ್ತು ಐಪಿ ತಲೆಬರಹಗಳಿಗೆ ಹೋಗುತ್ತದೆ, ಮೇಲೆ ಲೈನಿನ ಹೊದಿಕೆಗೆ ಸುಮಾರು 8 ಬೈಟ್ ಬೇಕು. ಹೀಗೆ 1,508ರಲ್ಲಿ ಫೈಲಿಗೆ ದಕ್ಕುವುದು 1,460 ಮಾತ್ರ. ಉಳಿದ 2,40,000 ಬೈಟ್‌ಗಳನ್ನು ಕಂಪ್ಯೂಟರ್ ತನ್ನ 1,024ರ ಕೆಬಿಯಲ್ಲಿ ತೋರಿಸಿದಾಗ ಬಂದದ್ದೇ ಆ 234. ಕಾಗದದ ಮೇಲಿನ ಸಂಖ್ಯೆಯೂ ಪರದೆಯ ಮೇಲಿನ ಸಂಖ್ಯೆಯೂ ಒಂದಾದಾಗ ಆದ ಸಮಾಧಾನ ಇಂದಿಗೂ ನೆನಪಿದೆ.

ಅಂದಿನಿಂದ ನಾನು ಲೆಕ್ಕವನ್ನು ಫೈಲಿನ ಕಡೆಯಿಂದಲೇ ಆರಂಭಿಸುತ್ತೇನೆ. ಅವರು ಬಯಸಿದ್ದ 1 ಎಂಬಿ ಎಂದರೆ 10,48,576 ಬೈಟ್, ಅಂದರೆ 83,88,608 ಬಿಟ್. ತಲೆಬರಹಗಳ ಭಾರ ಸೇರಿದಾಗ ಅದು ಸುಮಾರು 8.66 ಮೆಗಾಬಿಟ್ ಆಗುತ್ತದೆ, 1.984ರಿಂದ ಭಾಗಿಸಿದರೆ 4.37 ಬರುತ್ತದೆ. ಇ-1 ಬಿಡಿಯಾಗಿ ಸಿಗುವ ವಸ್ತುವಾದ್ದರಿಂದ ಭಿನ್ನರಾಶಿ ಎಷ್ಟೇ ಚಿಕ್ಕದಿರಲಿ, ಮೇಲಿನ ಪೂರ್ಣಸಂಖ್ಯೆಗೆ ಏರಿಸಲೇಬೇಕು. ಐದು ಬೇಕಿದ್ದ ಕಡೆ ನಾನು ಕೊಟ್ಟಿದ್ದು ಒಂದು.

ದೊಡ್ಡ ಲೈನ್‌ಗಳಲ್ಲಿ ಬರಿಯ ಭಾಗಾಕಾರ ಇನ್ನಷ್ಟು ದಾರಿ ತಪ್ಪಿಸುತ್ತದೆ. ಅನೇಕ ಇ-1ಗಳನ್ನು ಒಟ್ಟಿಗೆ ಸಾಗಿಸುವ ಎಸ್‌ಟಿಎಂ-1ರ 155.52 ಮೆಗಾಬಿಟ್ಟನ್ನು 2.048ರಿಂದ ಭಾಗಿಸಿದರೆ 75 ದಾಟುತ್ತದೆ, ಆದರೆ ಅದರಲ್ಲಿ ಹಿಡಿಯುವ ಇ-1ಗಳು 63 ಮಾತ್ರ. ಉಳಿದ ಜಾಗ ನಿರ್ವಹಣೆಯ ಬೈಟ್‌ಗಳಿಗೂ ಜೋಡಣೆಯ ವ್ಯವಸ್ಥೆಗೂ ಹೋಗುತ್ತದೆ. ಅಮೆರಿಕದ ಉಪಕರಣಗಳ ಕೈಪಿಡಿಯಲ್ಲಿ ಕಾಣುವ ಟಿ-1 ಬೇರೆಯೇ ಅಳತೆ: 24 ಚಾನೆಲ್ ಮತ್ತು ಚೌಕಟ್ಟಿನ 8 ಕಿಲೋಬಿಟ್ ಸೇರಿ 1,544 ಕಿಲೋಬಿಟ್. ಅಲ್ಲಿನ ಲೈನ್‌ಗಳ ಸಂಖ್ಯೆಯನ್ನು ಹಾಗೆಯೇ ಇಲ್ಲಿಗೆ ತರಬಾರದು.

ಹುಬ್ಬಳ್ಳಿಯ ಆ ಸಂಪರ್ಕಕ್ಕೆ ಐದು ಬಿಡಿ ಇ-1ಗಳನ್ನು ಜೋಡಿಸುವ ಬದಲು, ಇಂತಹ ದೊಡ್ಡ ಲೈನ್‌ಗಳನ್ನು ನಡೆಸುವ ಎಸ್‌ಡಿಎಚ್ ಉಪಕರಣದ ಈಥರ್ನೆಟ್ ಪೋರ್ಟನ್ನೇ ಬಳಸಿದೆವು. ಅಲ್ಲಿ ಇ-1ಕ್ಕೆ ಸಮನಾದ ವಿಸಿ-12 ಪೆಟ್ಟಿಗೆಯೊಂದರಲ್ಲಿ ದತ್ತಾಂಶಕ್ಕೆ 2.176 ಮೆಗಾಬಿಟ್ ಜಾಗವಿರುವುದರಿಂದ ಐದು ಕಟ್ಟಿದರೆ 10.88 ಮೆಗಾಬಿಟ್ ಆಗಿ, 10 ಮೆಗಾಬಿಟ್ ಪೋರ್ಟ್ ಪೂರ್ತಿ ತುಂಬುತ್ತದೆ. (100 ಮೆಗಾಬಿಟ್‌ಗೂ ಇದೇ ಕಾರಣದಿಂದ, 2.048ರಿಂದ ಭಾಗಿಸಿದಾಗ ಬೇಕೆನಿಸುವ 49ರ ಬದಲು 46 ಸಾಕು.) ಬದಲಾವಣೆಯ ರಾತ್ರಿ ನಾನೇ ಹುಬ್ಬಳ್ಳಿಯ ಕಚೇರಿಯಲ್ಲಿ ಕುಳಿತಿದ್ದೆ. ಹತ್ತಕ್ಕೆ ಆರಂಭವಾದ ಬ್ಯಾಕಪ್ ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಮುಗಿಯಿತು.