ನೇಮಕ್ಕೆ ಅತಿಥಿಗಳನ್ನು ಕರೆದೊಯ್ದ ನನ್ನ ಅನುಭವ

ಪೇಟೆಯ ಅತಿಥಿಗಳನ್ನು ಊರಿನ ನೇಮಕ್ಕೆ, ಅಂದರೆ ರಾತ್ರಿಯಿಡೀ ನಡೆಯುವ ತುಳುನಾಡಿನ ದೈವದ ಕೋಲಕ್ಕೆ, ಕರೆತರುತ್ತೇನೆಂದಾಗ ಅದನ್ನು ನಡೆಸುವ ಗುತ್ತಿನ ಮನೆಯ ಹಿರಿಯರು "ದೈವವೇನು ಸರ್ಕಸ್ಸೇ?" ಎಂದು ಕೇಳಿದ್ದರು, ಹೋಮ್‌ಸ್ಟೇ ನಡೆಸುವ ಗೆಳೆಯರಂತೂ ಬೆಳಗಿನವರೆಗೆ ಕೂರುವ ಒಬ್ಬ ಅತಿಥಿಯೂ ಸಿಗಲಾರನೆಂದು ನಕ್ಕಿದ್ದರು. ಮೊದಲ ವರ್ಷ ಅವರೆಲ್ಲರ ಮಾತೂ ನಿಜವಾಯಿತು.

ಆ ವರ್ಷ ಎಂಟು ಮಂದಿಯನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರಿಸಿದ್ದೆ. ದೈವದ ಆಭರಣ, ಆಯುಧಗಳ ಭಂಡಾರ ಬಂದು, ಊಟವೂ ಮುಗಿದು, ಹನ್ನೊಂದಾದರೂ ವೇಷ ಕಟ್ಟುವ ಚೌಕಿಯಲ್ಲಿ ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚುವುದೇ ನಡೆದಿದ್ದರಿಂದ ಐವರು ಎದ್ದು ಹೋದರು. ಉಳಿದವರಲ್ಲೊಬ್ಬರು ಅದಕ್ಕೂ ಮೊದಲೇ, ವೇಷ ಕಟ್ಟುವವರಿಗೆ ಎಣ್ಣೆ-ವೀಳ್ಯ ಕೊಡುವ ಎಣ್ಣೆಬೂಳ್ಯದ ಹೊತ್ತಿಗೇ ಫ್ಲ್ಯಾಶ್ ಹಾಕಿ ಚಿತ್ರ ತೆಗೆದಿದ್ದರು. ಹಣ ಹಿಂದಿರುಗಿಸಿದ್ದು, ತಪ್ಪುಕಾಣಿಕೆ ಹಾಕಿದ್ದು ಎಲ್ಲ ಸೇರಿ ಸುಮಾರು 18,000 ರೂಪಾಯಿ ಕೈಬಿಟ್ಟಿತು.

ಎರಡನೆಯ ವರ್ಷ, ದೈವದ ಕಥೆ ಹೇಳುವ ತುಳು ಹಾಡಾದ ಪಾಡ್ದನದ ಕನ್ನಡ ಅರ್ಥವನ್ನು ಇಯರ್‌ಫೋನಿನಲ್ಲಿ ಕೇಳಿಸಲು ಹೊರಟು ಮತ್ತೊಂದು ಒಂಬತ್ತು ಸಾವಿರವನ್ನು ಕಳೆದುಕೊಂಡೆ. ತಾಸೆ, ನಾಗಸ್ವರಗಳ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ, ಪಾಡ್ದನಕ್ಕೆ ಬಡಿಯುವ ತೆಂಬರೆ ವಾದ್ಯದ ಪಕ್ಕದಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತವರನ್ನು ಊರವರು ನೋಡುತ್ತಿದ್ದ ರೀತಿಯೇ ಸಾಕಾಗಿತ್ತು.

ಮೂರನೆಯ ವರ್ಷ ನೇಮವನ್ನು ತೋರಿಸುವ ಯೋಚನೆಯನ್ನೇ ಬಿಟ್ಟು, ಅತಿಥಿಗಳನ್ನು ಹಿಂದಿನ ದಿನ ಊರವರು ಅಡುಗೆಯ ಸಾಮಗ್ರಿ ಹೊತ್ತು ತರುವ ಹೊರೆಕಾಣಿಕೆಗೆ ಕರೆಸಿದೆ. ತಲೆಗೊಂದು ತೆಂಗಿನಕಾಯಿ, ಸೌತೆಕಾಯಿ ಹಿಡಿದು ಮೆರವಣಿಗೆಯಲ್ಲಿ ನಡೆದು ಬಂದವರು, ಸಂಜೆ ಅನ್ನಸಂತರ್ಪಣೆಯ ತರಕಾರಿ ರಾಶಿಯ ಮುಂದೆ ಊರವರೊಂದಿಗೆ ಕುಳಿತರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ಮೆಟ್ಟುಕತ್ತಿಯ (ಈಳಿಗೆಮಣೆ) ಮೇಲೆ ಕಾಲಿಟ್ಟು ಕೂರಲು ಬಾರದೆ ಮೂರು ಬಾರಿ ಮಗುಚಿ ಬಿದ್ದರು. ಪಕ್ಕದಲ್ಲಿದ್ದ ಅಜ್ಜಿ ಅವರ ಮಂಡಿಯನ್ನು ತಾವೇ ಮಡಚಿ ಕೂರಿಸಿ, ಸಿಪ್ಪೆ ದಪ್ಪವಾಯಿತೆಂದು ಗದರಿಸಿದರು. ಮಾರನೆಯ ರಾತ್ರಿ ಆ ಅಜ್ಜಿಯ ಚಾಪೆಯಲ್ಲೇ ಕುಳಿತ ಅವರು ಗಂಧಪ್ರಸಾದ ಸಿಗುವವರೆಗೂ ಅಲ್ಲಾಡಲಿಲ್ಲ. ಮೊಬೈಲನ್ನಂತೂ ಅಜ್ಜಿಯ ಭಯಕ್ಕೆ ಜೇಬಿನಿಂದ ತೆಗೆಯಲೇ ಇಲ್ಲ.

ಅತಿಥಿಗಳನ್ನು ಒಂಬತ್ತಕ್ಕೆ ಮಲಗಿಸಿ, ದೈವದ ಬೆನ್ನಿಗೆ ಪ್ರಭಾವಳಿಯಂಥ ಅಣಿ ಏರುವ ಮುನ್ನ ಎಬ್ಬಿಸುವುದು ಇನ್ನೊಂದು ಉಪಾಯವಾಗಿದೆ. ಆ ಹೊತ್ತನ್ನು ತಪ್ಪದೆ ಹೇಗೆ ಅಂದಾಜಿಸುತ್ತೇನೆಂಬುದನ್ನು ಮಾತ್ರ ಬರೆಯಲಾರೆ, ಏಕೆಂದರೆ ಅಂದು ನಕ್ಕ ಗೆಳೆಯರಲ್ಲಿ ಇಬ್ಬರು ಈಗ ಹೊರೆಕಾಣಿಕೆಗೇ ಅತಿಥಿಗಳನ್ನು ತರುತ್ತಿದ್ದಾರೆ.

ಎರಡು ರಾತ್ರಿಯ ವಾಸಕ್ಕೆ ತಲೆಗೆ 4,500 ರೂಪಾಯಿ ಪಡೆಯುತ್ತೇನೆ. ಸಂತರ್ಪಣೆಯ ಊಟಕ್ಕಾಗಲಿ, ನೇಮಕ್ಕಾಗಲಿ ಒಂದು ಪೈಸೆಯನ್ನೂ ಸೇರಿಸುವುದಿಲ್ಲ. ಕಾಣಿಕೆಯನ್ನು ಅತಿಥಿಗಳೇ ಮನಸ್ಸಿಗೆ ಬಂದಷ್ಟು ಹಾಕುತ್ತಾರೆ. ಕಳೆದ ಸಲ ಏಳು ನೇಮಗಳಿಗೆ ಅರವತ್ತರಷ್ಟು ಮಂದಿ ಬಂದು, ಖರ್ಚು ಕಳೆದು ಸುಮಾರು ಒಂದು ಲಕ್ಷ ಉಳಿಯಿತು. ಸರ್ಕಸ್ಸೆಂದಿದ್ದ ಹಿರಿಯರೇ ಈಗ ವಾರ ಮೊದಲು ಫೋನು ಮಾಡಿ, ಸೌತೆಕಾಯಿ ಕೊಚ್ಚಲು ಎಷ್ಟು ಜನ ಸಿಗುತ್ತಾರೆಂದು ವಿಚಾರಿಸುತ್ತಾರೆ.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಬಳಿಕ ದೀಪಾವಳಿಯವರೆಗೆ ನೇಮವಿಲ್ಲದ್ದರಿಂದ, ಸಂತರ್ಪಣೆಯ ಊಟವನ್ನೇ ಮಳೆಗಾಲದಲ್ಲಿ ಅಂಗಳದ ಚಪ್ಪರದಡಿ ಬಡಿಸಿ ನೋಡಿದೆ. ಅದೇ ಅಡುಗೆಯವರು, ಅದೇ ಕುಚಲಕ್ಕಿ ಅನ್ನ, ಅದೇ ಸೌತೆಕಾಯಿ ಹುಳಿ ಇದ್ದರೂ ಉಂಡವರು ಉಪ್ಪು ಕಡಿಮೆಯೆಂದರು. ಮುಂದಿನ ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆಯನ್ನು ಪ್ರಯತ್ನಿಸಲಿದ್ದೇನೆ.