ಕಣ್ಣು ಕಾಣದ ವಿದ್ಯಾರ್ಥಿಗೆ ಕಡಿಮೆ ದುಡ್ಡಿನ ಲ್ಯಾಪ್‌ಟಾಪ್

ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಹಿಡಿದು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ, ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ‘ಟಾಕಿಂಗ್ ಲ್ಯಾಪ್‌ಟಾಪ್’ ಕೊಡುವ ಸರ್ಕಾರಿ ಯೋಜನೆಗೆ ಅರ್ಜಿ ಯಾವಾಗ ಅಂತ ಕೇಳಿ. ಅಲ್ಲಿಯವರೆಗೆ ಕಾಯುವುದು ಕಷ್ಟ ಅಲ್ವಾ? ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ನೋಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು. ಸ್ಕ್ರೀನ್ ಮೇಲೆ ಗೀರಿದ್ದರೆ ನಮಗೇನು, ಅದನ್ನೇ ಹೇಳಿ ಚೌಕಾಸಿ ಮಾಡಿ.

ಕೀಬೋರ್ಡ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಾನು ಸುಮ್ನೆ ನಂಬಿ ತಂದ ಒಂದರಲ್ಲಿ ‘ಎಲ್’ ಕೀ ಸತ್ತೇ ಹೋಗಿತ್ತು! ಎನ್‌ವಿಡಿಎ ಅಂದರೆ ವಿಂಡೋಸ್‌ನಲ್ಲಿ ಸ್ಕ್ರೀನ್ ಓದಿ ಹೇಳುವ ತಂತ್ರಾಂಶ, ಪೂರ್ತಿ ಉಚಿತ. ಅದರ ಪೋರ್ಟಬಲ್ ಕಾಪಿ (ಇನ್‌ಸ್ಟಾಲ್ ಮಾಡದೆ ಓಡುವಂಥದ್ದು) ಹಾಕಿದ ಪೆನ್‌ಡ್ರೈವ್ ಜೇಬಲ್ಲಿರಲಿ. ಅಂಗಡಿಯಲ್ಲೇ ಅದನ್ನು ಶುರು ಮಾಡಿ, ಇನ್ಸರ್ಟ್ ಹಿಡಿದು 1 ಒತ್ತಿ, ಆಮೇಲೆ ಎಲ್ಲ ಕೀಗಳನ್ನೂ ಒಂದೊಂದಾಗಿ ಒತ್ತುತ್ತಾ ಹೋದರೆ ಅದು ಹೆಸರು ಹೇಳುತ್ತದೆ. ‘ಎಫ್‌ಎನ್’ನಂಥ ಒಂದೆರಡು ಕೀ ಬಿಟ್ಟರೆ, ಹೇಳದ ಕೀ ಕೆಟ್ಟಿದೆ ಅಂತಲೇ ಲೆಕ್ಕ. ಇಯರ್‌ಫೋನ್ ಚುಚ್ಚಿಯೂ ಕೇಳಿ ನೋಡಿ.