ಹಳೆಯ ಕ್ಷೌರದ ಕತ್ತಿಗೆ ನಾನು ಬೆಲೆ ಕಟ್ಟುವ ಬಗೆ

ಮಡಚುವ ಹಳೆಯ ಕ್ಷೌರದ ಕತ್ತಿಯನ್ನು ಆನ್‌ಲೈನ್‌ನಲ್ಲಿ ಕೊಳ್ಳಲು ಹೊರಟ ಬಹುತೇಕರು ಮೊದಲು ಅದರ ಮೇಲಿನ ಹೆಸರನ್ನು ಓದುತ್ತಾರೆ. ನಾನು ಬೆನ್ನನ್ನು, ಅಂದರೆ ಹರಿತವಾದ ಬಾಯಿಗೆ ಎದುರಿನ ದಪ್ಪ ಅಂಚನ್ನು, ನೋಡುತ್ತೇನೆ. ಕತ್ತಿಯನ್ನು ಯಾರು ಮಾಡಿದರು ಎಂಬುದು ಹೆಸರಿನಿಂದ ತಿಳಿಯುತ್ತದೆ. ಅವರು ಮಾಡಿದ್ದರಲ್ಲಿ ಈಗ ಎಷ್ಟು ಉಳಿದಿದೆ ಎಂಬುದು ಬೆನ್ನಿನಿಂದ ತಿಳಿಯುತ್ತದೆ. ಕಪಾಟಿನಲ್ಲಿ ಇಡಲು ಅಲ್ಲ, ಕೆನ್ನೆಯ ಮೇಲೆ ಆಡಿಸಲು ಕೊಳ್ಳುವವನು ನಾನು. ಆದ್ದರಿಂದ ನಾನು ಬೆಲೆ ಕಟ್ಟುವುದು ಉಳಿದಿರುವ ಉಕ್ಕಿಗೆ.

ಈ ಕತ್ತಿಯನ್ನು ಸಾಣೆ ಹಿಡಿಯುವಾಗ ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗಿರುತ್ತವೆ. ಬಾಯಿಯ ಕೋನವನ್ನು ಕಾಯುವುದು ಬೆನ್ನಿನ ದಪ್ಪವೇ. ಪ್ರತಿ ಸಾಣೆಯಲ್ಲೂ ಎರಡೂ ಕಡೆ ಚೂರು ಚೂರು ಉಕ್ಕು ಸವೆಯುತ್ತದೆ. ಬೆನ್ನಿನ ಎರಡು ಬದಿಗಳಲ್ಲೂ ಹೊಳೆಯುವ ಚಪ್ಪಟೆ ಪಟ್ಟಿ ಮೂಡುತ್ತದೆ. ಆ ಪಟ್ಟಿ ಸಪೂರವಾಗಿ, ಉದ್ದಕ್ಕೂ ಒಂದೇ ಅಗಲವಾಗಿದ್ದರೆ ಕತ್ತಿ ಒಳ್ಳೆಯ ಕೈಗಳಲ್ಲಿ ಇತ್ತು ಎಂದು ತಿಳಿಯಬಹುದು. ಹಿಮ್ಮಡಿಯ, ಅಂದರೆ ಹಿಡಿಯತ್ತಣ ಕೊನೆಯ, ಕಡೆ ಅಗಲವಾಗಿ ತುದಿಯ ಕಡೆ ಮಾಯವಾಗಿದ್ದರೆ, ಅಥವಾ ಒಂದು ಬದಿಯಲ್ಲಿ ಮಾತ್ರ ದಪ್ಪನಾಗಿ ಕಂಡರೆ, ಅಲಗು ಬಾಗಿರಬಹುದು, ಇಲ್ಲವೇ ಯಾರೋ ಒತ್ತಿ ಒತ್ತಿ ಮಸೆದಿರಬಹುದು. ಎರಡರಲ್ಲಿ ಯಾವುದಾದರೂ ನನ್ನ ಲೆಕ್ಕದಲ್ಲಿ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಚಿತ್ರ ಎಷ್ಟೇ ಚೆನ್ನಾಗಿರಲಿ, ಮಾರುವವರಿಂದ ಎರಡು ಅಳತೆಗಳನ್ನು ಕೇಳಿ ಪಡೆಯುತ್ತೇನೆ: ಬೆನ್ನಿನಿಂದ ಬಾಯಿಯವರೆಗಿನ ಅಗಲ ಮತ್ತು ಬೆನ್ನಿನ ದಪ್ಪ. ಅಗಲವನ್ನು ದಪ್ಪದಿಂದ ಭಾಗಿಸಿದಾಗ ಸುಮಾರು 3.5 ಬಂದರೆ ಕೋನ 16 ಡಿಗ್ರಿಯ ಆಸುಪಾಸಿನಲ್ಲಿದೆ ಎಂದರ್ಥ. ಉದಾಹರಣೆಗೆ 19 ಮಿಲಿಮೀಟರ್ ಅಗಲ, 5.4 ಮಿಲಿಮೀಟರ್ ದಪ್ಪ. ಕ್ಷೌರಕ್ಕೆ ಅದು ಹೇಳಿ ಮಾಡಿಸಿದ ಕೋನ. ಭಾಗಲಬ್ಧ 3ಕ್ಕೆ ಇಳಿದರೆ ಕೋನ 19 ಡಿಗ್ರಿಗೆ ಏರುತ್ತದೆ. ಬೆನ್ನು ಹಾಗೇ ಇದ್ದು ಬಾಯಿ ಮಾತ್ರ ಬಹಳ ಸವೆದಿದೆ, ಹೆಚ್ಚಾಗಿ ಮುಕ್ಕು ತೆಗೆಯಲು ಯಾರೋ ಬಾಯಿಯನ್ನೇ ಉಜ್ಜಿ ಹಾಕಿದ್ದಾರೆ. 4 ದಾಟಿದರೆ ಬೆನ್ನು ಕರಗಿದೆ. ಬಾಯಿ ತೀರಾ ತೆಳುವಾಗಿ ಹರಿತ ನಿಲ್ಲುವುದು ಕಷ್ಟ. ಈ ಒಂದು ಭಾಗಾಕಾರ ಮಾರಾಟದ ವರ್ಣನೆಯ ಅರ್ಧ ಪುಟಕ್ಕಿಂತ ಹೆಚ್ಚು ಹೇಳುತ್ತದೆ. ಮಾಪಕ ಇಲ್ಲ ಎನ್ನುವ ಮಾರಾಟಗಾರರೂ ಸಿಗುತ್ತಾರೆ. ಅವರ ಕತ್ತಿಗೆ ಕೆಟ್ಟ ಅಳತೆಯೇ ಇದೆಯೆಂದು ಭಾವಿಸಿ ಬೆಲೆ ಕಟ್ಟುತ್ತೇನೆ.

ಬಾಯಿಯ ಗೆರೆ ನೇರವಾಗಿರಬೇಕು ಅಥವಾ ನಡುವೆ ತುಸು ಹೊರಕ್ಕೆ ಉಬ್ಬಿರಬೇಕು. ನಡು ಒಳಕ್ಕೆ ಕುಸಿದಿದ್ದರೆ ಅದನ್ನು ಸರಿಪಡಿಸಲು ಎರಡು ತುದಿಗಳ ಉಕ್ಕನ್ನು ಬಲಿ ಕೊಡಬೇಕು. ಬಿರುಕಿನ ವಿಷಯದಲ್ಲಿ ಮಾತ್ರ ನನಗೆ ಚೌಕಾಶಿಯೇ ಇಲ್ಲ. ಕೂದಲೆಳೆಯಷ್ಟು ಬಿರುಕಿದ್ದರೂ ಕತ್ತಿಯ ಬೆಲೆ ಸೊನ್ನೆ, ಯಾರು ಮಾಡಿದ್ದರೂ ಸರಿ. ಬದಿಗಳು ಒಳಬಾಗುವಂತೆ ತೆಳುವಾಗಿ ಒರೆದ ಅಲಗುಗಳಲ್ಲಿ ಬಿರುಕು ಬಾಯಿಯಿಂದ ಹೊರಟು ಮೇಲಕ್ಕೆ ಹಬ್ಬುತ್ತದೆ. ಸಾಧಾರಣ ಚಿತ್ರದಲ್ಲಿ ಅದು ಗೀರಿನಂತೆ ಕಾಣುತ್ತದೆ. ಆದ್ದರಿಂದ ಎರಡೂ ಬದಿಗಳ ಹತ್ತಿರದ ಚಿತ್ರ ಕೇಳುತ್ತೇನೆ. ಗೀರು ಒಂದು ಬದಿಯಲ್ಲಿ ಮಾತ್ರ ಇರುತ್ತದೆ, ಬಿರುಕು ಎರಡೂ ಕಡೆ ಅದೇ ಜಾಗದಲ್ಲಿ ಕಾಣಿಸುತ್ತದೆ.

ತುಕ್ಕಿನ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ಕೆಂಪು ತುಕ್ಕು ಮೇಲ್ಮೈಯದು, ಹೋಗುತ್ತದೆ. ಅಲಗು ಹಿಡಿಗೆ ಕೂಡುವ ಬುಡದಲ್ಲಿರುವ ಕಪ್ಪು ಗುಳಿಗಳಿಂದ ಕ್ಷೌರಕ್ಕೆ ಏನೂ ಆಗದು, ಅವುಗಳ ನೆಪದಲ್ಲಿ ಬೆಲೆ ಇಳಿದಿದ್ದರೆ ಅದು ಕೊಳ್ಳುವವರ ಅದೃಷ್ಟ. ಬಾಯಿಯ ಅಂಚಿಗೆ ತಾಗಿದ ಗುಳಿಗಳು ಮಾತ್ರ ನಿಜವಾದ ನಷ್ಟ: ಸಾಣೆ ಹಿಡಿದಂತೆ ಅವು ಮುಕ್ಕುಗಳಾಗಿ ತೆರೆದುಕೊಳ್ಳುತ್ತವೆ. ಇನ್ನೊಂದು ಬಗೆಯ ತುಕ್ಕನ್ನು ಹಿಡಿಯಿಂದಲೇ ಊಹಿಸಬೇಕು. 19ನೇ ಶತಮಾನದ ಕೊನೆಯ ದಶಕಗಳಿಂದ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್‌ನ ಹಿಡಿಗಳು ಬಹಳ ಬಳಕೆಗೆ ಬಂದವು. ಸೆಲ್ಯುಲಾಯ್ಡ್ ಹಳತಾದಾಗ ಕೊಳೆತು ಆಮ್ಲೀಯ ಅನಿಲ ಬಿಡುತ್ತದೆ. ಬುಡ, ಬೆನ್ನು ಸ್ವಚ್ಛವಾಗಿದ್ದು ಮಡಚಿದಾಗ ಹಿಡಿಯ ಒಳಗೆ ಅಡಗುವ ಭಾಗ ಮಾತ್ರ ತುಕ್ಕು ತಿಂದಿದ್ದರೆ ಕಾರಣ ಇದೇ. ಆಮೆಚಿಪ್ಪಿನಂತೆ ಕಾಣುವ ಅರೆಪಾರದರ್ಶಕ ಹಿಡಿಗಳಲ್ಲಿ ನಾನು ಇದನ್ನು ಹೆಚ್ಚು ಕಂಡಿದ್ದೇನೆ. ಅಂಥ ಕತ್ತಿಯನ್ನು ಬೇರೆ ಕತ್ತಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಪಕ್ಕದವುಗಳಿಗೂ ತುಕ್ಕು ಹತ್ತುತ್ತದೆ. ಹಾಗಾಗಿ ಹೊಸ ಹಿಡಿ ಹಾಕಿಸುವ ಖರ್ಚನ್ನು ಮೊದಲೇ ಕಳೆದುಬಿಡುತ್ತೇನೆ.

ತುಕ್ಕಿಗಿಂತ ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ಕನ್ನಡಿಯಂಥ ಹೊಳಪು. ನೂರು ವರ್ಷ ದಾಟಿದ ಅಲಗು ಹೊಸದರಂತೆ ಮಿನುಗುತ್ತಿದ್ದರೆ ಅದು ಪಾಲಿಶ್ ಯಂತ್ರದ ಕೆಲಸ. ತಯಾರಕರ ಮುದ್ರೆಯ ಅಂಚುಗಳು ಮಸುಕಾಗಿವೆಯೇ, ಕೆತ್ತನೆ ಅಳಿಸಿದೆಯೇ, ಗುಳಿಗಳ ಅಂಚು ದುಂಡಗಾಗಿದೆಯೇ ಎಂದು ನೋಡುತ್ತೇನೆ. ಯಂತ್ರಕ್ಕೆ ಒತ್ತಿ ಹಿಡಿದಾಗ ತೆಳುವಾದ ಬಾಯಿ ಬಿಸಿಯಾಗಿ ಹದ ಕಳೆದುಕೊಂಡಿದ್ದರೆ ಅದು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಅಲಗಿನ ಮೇಲಿನ ಹಳೆಯ ಚಿನ್ನದ ಲೇಪ ಇನ್ನೂ ಉಳಿದಿದ್ದರೆ ಅದಕ್ಕಿಂತ ದೊಡ್ಡ ಪುರಾವೆ ಬೇಡ. ಅಂಥದಕ್ಕೆ ಮಂಕಾಗಿದ್ದರೂ ಹೆಚ್ಚು ಕೊಡುತ್ತೇನೆ.

ವಯಸ್ಸಿನ ವಿಚಾರಕ್ಕೆ ಬಂದರೆ, ಸಿಕ್ಕಸಿಕ್ಕ ಕತ್ತಿಯನ್ನೆಲ್ಲ ‘18ನೇ ಶತಮಾನದ್ದು’ ಎನ್ನುವವರು ಹೇರಳ. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆಯು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ವಿಧಿಸಿತು. ಮುದ್ರೆಯಲ್ಲಿ ಕತ್ತಿ ತಯಾರಾದ ಊರಿನ ಹೆಸರಾದ ಶೆಫೀಲ್ಡ್ ಜೊತೆ ಇಂಗ್ಲೆಂಡ್ ಎಂದೋ, ಜೋಲಿಂಗೆನ್ ಜೊತೆ ಜರ್ಮನಿ ಎಂದೋ ಇದ್ದರೆ ಕತ್ತಿ ಸಾಮಾನ್ಯವಾಗಿ ಅದರ ನಂತರದ್ದು. ಕಿರೀಟದ ಪಕ್ಕ ಡಬ್ಲ್ಯು ಆರ್ ಅಕ್ಷರಗಳಿದ್ದರೆ ಬ್ರಿಟನ್ನಿನ ರಾಜ ನಾಲ್ಕನೇ ವಿಲಿಯಂ ಆಳಿದ 1830–37ರತ್ತ ಬೆರಳು ತೋರುತ್ತವೆ. ವಿ ಆರ್ ಎಂದಿದ್ದರೆ 1901ರವರೆಗೆ ಎಳೆದ ವಿಕ್ಟೋರಿಯಾ ಕಾಲ, ಅಂದರೆ ಹೆಚ್ಚೇನೂ ಹೇಳಿದಂತಾಗಲಿಲ್ಲ. ‘ಸಿಲ್ವರ್ ಸ್ಟೀಲ್’ ಎಂಬ ಮುದ್ರೆಗೆ ಹೆಚ್ಚುವರಿ ಹಣ ಕೇಳುವುದೂ ಉಂಟು. 1820ರ ದಶಕದ ಆರಂಭದಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಮತ್ತು ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಉಕ್ಕಿಗೆ ಬೆಳ್ಳಿ ಬೆರೆಸುವ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ ಅದು ಜಾಹೀರಾತಿನ ಪದವಾಯಿತು. ಆ ಪದಕ್ಕೆ ನಾನು ಬಿಡಿಗಾಸೂ ಸೇರಿಸುವುದಿಲ್ಲ.

ಹೆಸರಿಗೆ ಬೆಲೆ ಇಲ್ಲವೆಂದಲ್ಲ. ಶೆಫೀಲ್ಡ್‌ನ ವೇಡ್ ಆ್ಯಂಡ್ ಬುಚರ್, ಜೋಸೆಫ್ ರಾಜರ್ಸ್, ವೊಸ್ಟನ್‌ಹೋಮ್, ಜೋಲಿಂಗೆನ್‌ನ ಹೆಂಕೆಲ್ಸ್ ಮತ್ತು ಪೂಮಾ, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾದ ಹೆಲ್ಯೆಸ್ಟ್ರಾಂಡ್, ಸ್ಪೇನಿನ ಫಿಲಾರ್ಮೋನಿಕಾ, ಇವಕ್ಕೆಲ್ಲ ಅಭಿಮಾನಿಗಳಿದ್ದಾರೆ, ಹರಾಜು ಏರುತ್ತದೆ. ಅಗಲವೂ ಬೆಲೆ ಏರಿಸುತ್ತದೆ: ಅಲಗನ್ನು ಇಂಚಿನ ಎಂಟನೇ ಭಾಗಗಳಲ್ಲಿ ಅಳೆಯುವುದು ರೂಢಿ, 5/8 ಎಲ್ಲೆಲ್ಲೂ ಸಿಗುತ್ತದೆ, 7/8 ದಾಟಿತೆಂದರೆ ಸಂಗ್ರಾಹಕರು ಬೆನ್ನು ಹತ್ತುತ್ತಾರೆ. ಆದರೆ ಜೋಲಿಂಗೆನ್‌ನ ಕಾರ್ಖಾನೆಗಳು ದೂರದ ಅಂಗಡಿಗಳ, ಆಮದುದಾರರ ಹೆಸರು ಹೊಡೆದು ಎಷ್ಟೋ ಕತ್ತಿಗಳನ್ನು ಕಳಿಸಿವೆ. ಹುಡುಕುವವರೇ ಇಲ್ಲದ ಆ ಹೆಸರುಗಳ ಅಡಿಯಲ್ಲೂ ಒಳ್ಳೆಯ ಉಕ್ಕು ಇದೆ. ನನ್ನ ಕೈಯಲ್ಲಿ ಈಗ ದಿನವೂ ಓಡುವ ಕತ್ತಿ ಅಂಥದೇ ಒಂದು.

ದಂತದ ಹಿಡಿ ಎಂದರೆ ನಾನು ಮುಟ್ಟುವುದಿಲ್ಲ. ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಕಾರಣ ಗಡಿಯಲ್ಲೇ ಜಪ್ತಿಯಾಗಬಹುದು. ಇಬೇ 2009ರ ಜನವರಿಯಿಂದಲೇ ದಂತದ ಮಾರಾಟ ನಿಷೇಧಿಸಿದೆ. ಮೂಳೆ ಎಂದು ಬರೆದಿದ್ದರೆ ಸಣ್ಣ ಕಪ್ಪು ಚುಕ್ಕಿಗಳನ್ನು ಹುಡುಕಿ. ಅವು ಇಲ್ಲದೆ, ಒಂದನ್ನೊಂದು ಹಾಯುವ ಬಾಗಿದ ಗೆರೆಗಳು ಕಂಡರೆ ಅದು ದಂತ.

ಇಷ್ಟಾದ ಮೇಲೆ ಲೆಕ್ಕ. ಕೇಳುವ ಬೆಲೆಗಳನ್ನು ನೋಡುವುದೇ ಇಲ್ಲ. ಮಾರಾಟ ಮುಗಿದವುಗಳನ್ನು ಮಾತ್ರ ಸೋಸುತ್ತೇನೆ. ಅದೇ ತಯಾರಕರು, ಅದೇ ಅಗಲ, ಕ್ಷೌರಕ್ಕೆ ಸಿದ್ಧವಾಗಿದ್ದ ಸ್ಥಿತಿ: ಅಂಥವುಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆಗಳನ್ನು ಬಿಟ್ಟು ನಡುವಿನದನ್ನು ಹಿಡಿಯುತ್ತೇನೆ. ಇಬ್ಬರು ಹಠಮಾರಿಗಳು ಏರಿಸಿದ ಹರಾಜನ್ನು ಮಾರುಕಟ್ಟೆ ಎನ್ನಲಾಗದು. ಆ ನಡುಬೆಲೆ 100 ಎಂದುಕೊಳ್ಳಿ. ಸಾಣೆಗೆ 20, ಸಾಗಣೆ ಮತ್ತು ಸುಂಕಕ್ಕೆ 20, ಸಡಿಲವಾದ ಮೊಳೆ ಬಿಗಿಗೊಳಿಸಲು 5, ಚಿತ್ರದಲ್ಲಿ ಕಾಣದ್ದಕ್ಕೆ 15 ಕಳೆದರೆ ನಾನು ಕೂಗಬಹುದಾದ ಗರಿಷ್ಠ 40. ಕ್ಷೌರಕ್ಕೆ ಸಿದ್ಧ ಎಂದು ಬರೆದ ಮಾತ್ರಕ್ಕೆ ಸಾಣೆಯ 20 ಉಳಿಯುವುದಿಲ್ಲ. ಯಾವ ಕಲ್ಲಿನ ಮೇಲೆ ಮುಗಿಸಿದಿರಿ ಎಂಬ ಪ್ರಶ್ನೆಗೆ ನೇರ ಉತ್ತರ ಬಂದರೆ ಮಾತ್ರ ಉಳಿಯುತ್ತದೆ. ಬೆನ್ನಿನ ಚಿತ್ರವನ್ನು ಕೇಳಿದರೂ ಕೊಡದವರ ಬಳಿ ಕೊನೆಯ 15 ಇಮ್ಮಡಿಯಾಗುತ್ತದೆ.

ಹಲವು ಕತ್ತಿಗಳನ್ನು ಒಟ್ಟಿಗೆ ಕಟ್ಟಿ ಮಾರುವಾಗ ನೆಟ್ಟಗಿರುವುದನ್ನು ಮಾತ್ರ ಎಣಿಸಿ ಉಳಿದವಕ್ಕೆ ಸೊನ್ನೆ ಹಾಕುತ್ತೇನೆ. ವಾರದ ಒಂದೊಂದು ದಿನಕ್ಕೆ ಒಂದೊಂದರಂತೆ ಏಳು ಕತ್ತಿಗಳಿರುವ ಪೆಟ್ಟಿಗೆಗಳಲ್ಲಿ ಏಳರ ಬೆನ್ನನ್ನೂ ಒಂದೇ ಚಿತ್ರದಲ್ಲಿ ಸಾಲಾಗಿ ಇಟ್ಟು ತೋರಿಸಲು ಕೇಳಿ. ಒಂದೆರಡು ಹೊರಗಿನಿಂದ ಬಂದು ಸೇರಿಕೊಂಡಿದ್ದರೆ ಬೆನ್ನಿನ ಸವೆತ, ದಿನದ ಹೆಸರಿನ ಅಕ್ಷರಶೈಲಿ ಎರಡೂ ಹೊಂದುವುದಿಲ್ಲ. ಆಗ ಅದು ಪೂರ್ಣ ಪೆಟ್ಟಿಗೆಯ ಬೆಲೆಗೆ ಲಾಯಕ್ಕಲ್ಲ. ಒಂದೊಂದು ಕತ್ತಿಯ ಬೆಲೆಯನ್ನು ಬೇರೆ ಬೇರೆ ಕಟ್ಟಿ ಕೂಡಿಸಿದಷ್ಟೇ ನಾನು ಕೊಡುವುದು.